ಕೈತೋಟ: ಜಮಖಂಡಿ–ಮುಧೋಳ ಸೀಮೆಯ ಪಟ್ಟಣಗಳಲ್ಲಿ

ಮನೆಯ ಅಡುಗೆಗೆ ಬೇಕಾದ ಕಾಯಿಪಲ್ಲೆಯನ್ನು ಮನೆಯವರೇ, ಬಹುಮಟ್ಟಿಗೆ ಹೆಂಗಸರೇ, ವಾಸದ ಮನೆಗೆ ಹೊಂದಿದ ಕಿರುಜಾಗದಲ್ಲಿ ಬೆಳೆದುಕೊಳ್ಳುವ ಪದ್ಧತಿಗೆ ಕೈತೋಟವೆಂದು ಹೆಸರು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಪಟ್ಟಣಗಳಲ್ಲಿ ಈ ಪದಕ್ಕಿಂತ ಹಳೆಯದಾಗಿ ಬಳಕೆಯಲ್ಲಿರುವುದು ‘ಹಿತ್ತಲು’ ಎಂಬ ಮಾತು. ಅದು ಮನೆಯ ಹಿಂಭಾಗದ ಬಯಲನ್ನೂ ಅಲ್ಲಿ ಬೆಳೆಯುವುದನ್ನೂ ಒಟ್ಟಿಗೆ ಸೂಚಿಸುತ್ತದೆ. ಇಲ್ಲಿನವರ ಮಾತಿನಲ್ಲಿ ಬದನೆ, ಹೀರೆ, ಚವಳಿಗಳಂಥ ತರಕಾರಿಗಳೆಲ್ಲ ಕಾಯಿಪಲ್ಲೆ. ಮೆಂತ್ಯೆ, ಪುಂಡಿ, ರಾಜಗಿರಿ, ಸಬ್ಬಸಗಿಗಳಂಥ ಸೊಪ್ಪುಗಳು ತಪ್ಪಲುಪಲ್ಲೆ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಹರಿಯುವ ಈ ಸೀಮೆ ಕರ್ನಾಟಕದ ಉತ್ತರ ಒಣವಲಯಕ್ಕೆ ಸೇರಿದ್ದು, ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗೂ ಕಡಿಮೆ. ನದಿ ಹತ್ತಿರವಿದ್ದರೂ ಪಟ್ಟಣದ ಮನೆಗಳಿಗೆ ನೀರು ಬರುತ್ತಿದ್ದುದು ಬಾವಿಯಿಂದ, ಅದೂ ಹೊತ್ತು ತರುವ ಕೊಡದಲ್ಲಿ. ಆದುದರಿಂದ ಇಲ್ಲಿನ ಕೈತೋಟದ ಇತಿಹಾಸವನ್ನು ಜಾಗದ ಇತಿಹಾಸವೆನ್ನುವುದಕ್ಕಿಂತ, ಒಮ್ಮೆ ಬಳಸಿದ ನೀರಿನ ಇತಿಹಾಸವೆಂದು ಗ್ರಹಿಸುವುದೇ ಹೆಚ್ಚು ಸರಿ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಅಡುಗೆ, ವೈದ್ಯ, ಜಲಶೋಧನೆಗಳ ಜೊತೆಗೆ ವೃಕ್ಷಾಯುರ್ವೇದವನ್ನೂ, ಎಂದರೆ ಗಿಡಮರಗಳ ಪೋಷಣೆ ಮತ್ತು ಚಿಕಿತ್ಸೆಯ ವಿದ್ಯೆಯನ್ನೂ, ಕನ್ನಡದಲ್ಲಿ ಹೇಳುವ ಗ್ರಂಥವಾಗಿದ್ದು, ತೋಟಗಾರಿಕೆಯು ಗೃಹಸ್ಥರ ತಿಳಿವಳಿಕೆಯ ಭಾಗವೆಂಬ ಎಣಿಕೆ ಆಗಲೇ ಇತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಅದೇ ಕಾಲದ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ಹೂದೋಂಟ, ಎಲೆದೋಂಟಗಳ ಉಲ್ಲೇಖ ಪದೇಪದೇ ಬರುತ್ತದೆಯಾದರೂ ಮನೆಯ ಹಿಂದಿನ ಬದನೆಗಿಡವನ್ನು ಯಾರೂ ದಾನವಾಗಿ ಬಿಡುತ್ತಿರಲಿಲ್ಲವಾದ್ದರಿಂದ ಅದು ಕಲ್ಲಿನ ಮೇಲೆ ಮೂಡಲಿಲ್ಲ. ಬದನೆ ಮತ್ತು ಹೀರೆ ಭಾರತದಲ್ಲಿ ಬಹುಪ್ರಾಚೀನವಾದ ಬೆಳೆಗಳು. ಇಂದು ಇವಿಲ್ಲದೆ ಅಡುಗೆಯೇ ಇಲ್ಲವೆನಿಸುವ ಮೆಣಸಿನಕಾಯಿ ಮತ್ತು ಟೊಮ್ಯಾಟೊ ಅಮೆರಿಕ ಖಂಡದ ಮೂಲದವಾಗಿದ್ದು, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಸಮುದ್ರವ್ಯಾಪಾರ ಆರಂಭವಾದ ಮೇಲೆ ಈ ದೇಶಕ್ಕೆ ಬಂದವು.

19ನೆಯ ಶತಮಾನದ ದಾಖಲೆಗಳಲ್ಲಿಯೂ ಹಿತ್ತಲು ಕಾಣಿಸದಿರುವುದಕ್ಕೆ ಕಂದಾಯದ ಲೆಕ್ಕಾಚಾರವೇ ಕಾರಣ. ಆ ಕಾಲದಲ್ಲಿ ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೂ, ಮುಧೋಳ ಘೋರ್ಪಡೆಯವರ ಸಂಸ್ಥಾನಕ್ಕೂ, ರಬಕವಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದರೆ, ಬೀಳಗಿ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಮುಂಬಯಿ ಕಂದಾಯ ಪದ್ಧತಿ ಜಮೀನನ್ನು ಮಳೆಯಾಶ್ರಿತವಾದ ಜಿರಾಯತು, ನೀರಾವರಿಯ ತೋಟವಾದ ಬಾಗಾಯತು, ಭತ್ತದ ತರಿ ಎಂದು ವಿಂಗಡಿಸುತ್ತಿತ್ತು. ವಾಸದ ಮನೆಗಳಿರುವ ಗಾಂವಠಾಣ, ಎಂದರೆ ಊರಿನ ನಿವೇಶನ ಭೂಮಿ, ಈ ವಿಂಗಡಣೆಯ ಹೊರಗಿತ್ತು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಜೋಳ ಹತ್ತಿಗಳ ಲೆಕ್ಕ ಸಿಗುತ್ತದೆ. ಅದೇ ಒಕ್ಕಲಿನ ಮನೆಯ ಹಿಂದೆ ಹಬ್ಬಿದ ಹೀರೆಬಳ್ಳಿಯ ಲೆಕ್ಕ ಎಲ್ಲಿಯೂ ಸಿಗುವುದಿಲ್ಲ. ಹೆಂಗಸರ ದುಡಿಮೆಯ ಎಷ್ಟೋ ಭಾಗ ಚರಿತ್ರೆಯಿಂದ ಜಾರಿಹೋದ ಬಗೆ ಇದೇ ಆಗಿದ್ದು, ಅದನ್ನು ಈಗ ಮನೆಯ ರಚನೆಯಿಂದಲೇ ಓದಿಕೊಳ್ಳಬೇಕಾಗಿದೆ.

ಹಳೆಯ ಮನೆಯ ರಚನೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಮಾತಾಡುತ್ತದೆ. ಬೀದಿಗೆ ಮುಖಮಾಡಿದ ಕಟ್ಟೆ, ಅದರಾಚೆ ಪಡಸಾಲೆ, ಅಡುಗೆಮನೆ, ಕೊನೆಗೆ ಬಚ್ಚಲು. ಬಚ್ಚಲ ಗೋಡೆಯ ತೂತಿನಿಂದ ಹೊರಬಿದ್ದ ನೀರು ನೇರವಾಗಿ ಹಿತ್ತಲಿನ ಪಾತಿಗೆ ಹರಿಯುತ್ತಿತ್ತು. ಈ ಹರಿವಿನ ಬಾಯಲ್ಲಿ ಬಾಳೆ, ಪಪ್ಪಾಯಿಗಳಂಥ ಹೆಚ್ಚು ನೀರು ಬೇಡುವ ಗಿಡಗಳು, ಅವುಗಳ ಆಚೆ ಕರಿಬೇವು ಮತ್ತು ನುಗ್ಗೆ, ಪಾತ್ರೆ ತೊಳೆದ ನೀರಿಗೆ ಹತ್ತಿರವಾಗಿ ತಪ್ಪಲುಪಲ್ಲೆಯ ಮಡಿಗಳು. ಬೂದಿಯಿಂದ ಪಾತ್ರೆ ತಿಕ್ಕಿ, ಸೀಗೆಯಿಂದ ತಲೆ ತೊಳೆಯುತ್ತಿದ್ದ ಕಾಲದಲ್ಲಿ ಆ ನೀರು ಗಿಡಕ್ಕೆ ಕೇಡು ಮಾಡುವಂಥದ್ದಾಗಿರಲಿಲ್ಲ. ದನಗಳಿದ್ದ ಮನೆಯಲ್ಲಿ ಗೊಬ್ಬರಕ್ಕೆ ತಿಪ್ಪೆಯಿತ್ತು. ಒಣಗಿದರೆ ಬಿರುಕುಬಿಟ್ಟು ನೆನೆದರೆ ಅಂಟಾಗುವ ಎರೆಮಣ್ಣಿಗೆ ಕೆಂಪು ಮಸಾರಿ ಮಣ್ಣನ್ನೂ ತಿಪ್ಪೆಗೊಬ್ಬರವನ್ನೂ ಬೆರೆಸಿ ಹದಮಾಡುವುದು ವಾಡಿಕೆ. ಮೃಗಶಿರ ಮಳೆಗೆ, ಇಲ್ಲಿನವರ ‘ಮಿರಗ’ಕ್ಕೆ, ಹೀರೆ, ಅವರೆ, ಕುಂಬಳದ ಬೀಜಗಳನ್ನು ಊರಿ ಹಂದರಕ್ಕೆ ಹಬ್ಬಿಸುವುದು, ದಸರೆ ಕಳೆದ ಮೇಲೆ ಚಳಿಯ ಬೆಳೆಗಳಾದ ಮೆಂತ್ಯೆ, ಮೂಲಂಗಿ, ಕೊತ್ತಂಬರಿಗಳಿಗೆ ಮಡಿ ಮಾಡುವುದು ಹಿತ್ತಲಿನ ಪಂಚಾಂಗವಾಗಿತ್ತು. ಬೀಜಕ್ಕೆಂದು ಬಿಟ್ಟ ಹೀರೆಕಾಯಿ ಬಳ್ಳಿಯಲ್ಲೇ ಒಣಗಿ, ಮುಂದಿನ ಮಿರಗದವರೆಗೆ ಅಡುಗೆಮನೆಯ ಜಂತಿಗೆ ತೂಗುತ್ತಿತ್ತು.

ಮನೆಯ ಮೇಲ್ಭಾಗದ ಮಾಳಿಗೆ ಮಾತ್ರ ಆ ಕಾಲದಲ್ಲಿ ತೋಟಕ್ಕೆ ನಿಷಿದ್ಧ. ಕಟ್ಟಿಗೆಯ ಜಂತಿಗಳ ಮೇಲೆ ಕರಲುಮಣ್ಣು ಹೊದಿಸಿದ ಆ ಚಪ್ಪಟೆ ಚಾವಣಿಗೆ ನಿಂತ ನೀರೇ ಮೊದಲ ಶತ್ರು. ಮೆಣಸಿನಕಾಯಿ, ಸಂಡಿಗೆ, ಕಾಳುಗಳನ್ನು ಒಣಹಾಕುವುದಕ್ಕೆ ಅದು ಬಳಕೆಯಾಗುತ್ತಿತ್ತು. ಬೆಳೆಯ ಪೈಕಿ ಅಲ್ಲಿಗೆ ಏರಲು ಅಪ್ಪಣೆಯಿದ್ದುದು ನೆಲದಲ್ಲಿ ಬೇರೂರಿದ ಬಳ್ಳಿಗಷ್ಟೆ.

ನೇಕಾರಿಕೆಯ ಊರುಗಳಾದ ರಬಕವಿ ಮತ್ತು ಬನಹಟ್ಟಿಗಳಲ್ಲಿ ಹಿತ್ತಲಿನ ಗಾತ್ರ ಮೊದಲಿನಿಂದಲೂ ಕಿರಿದು. ನೆಲದಲ್ಲಿ ಕುಣಿ ತೋಡಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಮನೆಯೊಳಗಿನ ಹೆಚ್ಚಿನ ಜಾಗ ಮೀಸಲಾಗುತ್ತಿತ್ತು. ನೂಲಿಗೆ ಬಣ್ಣ ಹಾಕುವ ಮನೆಗಳ ನೀರನ್ನು ಪಲ್ಲೆಯ ಮಡಿಗೆ ಬಿಡುವಂತಿರಲಿಲ್ಲ. ವಿದ್ಯುತ್ ಮಗ್ಗಗಳು ಬಂದು ಹಿತ್ತಲಿಗೂ ಮಗ್ಗದ ಕೋಣೆಗಳು ಚಾಚಿಕೊಂಡಂತೆ, ನೇಕಾರರ ಮನೆಗಳು ಕಾಯಿಪಲ್ಲೆಗೆ ಸಂತೆಯನ್ನೂ ಬಾಗವಾನರ ಅಂಗಡಿಗಳನ್ನೂ ಇನ್ನಷ್ಟು ನೆಚ್ಚಿಕೊಂಡವು. ಬಾಗವಾನರೆಂದರೆ ಹಣ್ಣು ತರಕಾರಿಗಳ ವ್ಯಾಪಾರವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಮುಸ್ಲಿಂ ಸಮುದಾಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕದ ನಗರವಾಸಿಗಳು ಅಂಗಳ, ಉದ್ಯಾನಗಳಲ್ಲಿ ತರಕಾರಿ ಬೆಳೆದರು. ಭಾರತದಲ್ಲಿ ಅದೇ ಕಾಲಕ್ಕೆ ಆರಂಭವಾದ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯ ಗಮನ ಬಹುಪಾಲು ಹಿತ್ತಲಿನ ಬದಲು ಹೊಲದ ಧಾನ್ಯದ ಮೇಲಿತ್ತು. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ದೊಡ್ಡ ಬದಲಾವಣೆ ನೀರಾವರಿಯದು. ಹಿಡಕಲ್ ಜಲಾಶಯದ ಕಾಲುವೆಗಳು, ಜಮಖಂಡಿಯ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಮತ್ತು ಶ್ರಮ ಕೂಡಿಸಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜು ಹೊಲಗಳಿಗೆ ನೀರು ತಂದವು. ಆ ನೀರು ಹೆಚ್ಚಾಗಿ ಕಬ್ಬಿಗೆ ಹೋಯಿತು. ಕಬ್ಬಿನ ನಡುವೆ ಅಕ್ಕಡಿ ಸಾಲಿನ, ಎಂದರೆ ಮುಖ್ಯ ಬೆಳೆಯ ಮಧ್ಯೆ ಬಿತ್ತುವ ಮಿಶ್ರಬೆಳೆಯ, ಚವಳಿ, ಪುಂಡಿಗಳಿಗೆ ಎಡೆ ಉಳಿಯಲಿಲ್ಲ. ಹೊಲದ ಅಂಚಿನಿಂದ ಮಡಿಲಲ್ಲಿ ಕಿತ್ತು ತರುತ್ತಿದ್ದ ಹಕ್ಕರಕಿ, ಕಿರಕಸಾಲಿಗಳಂಥ ತಾನಾಗಿ ಹುಟ್ಟುವ ಪಲ್ಲೆಗಳೂ ಕಳೆನಾಶಕದ ಹೊಡೆತಕ್ಕೆ ಸಿಕ್ಕವು. ನೀರಾವರಿ ಹೆಚ್ಚಿದಂತೆ ಊಟದ ತಟ್ಟೆಯ ಪಲ್ಲೆಯ ವೈವಿಧ್ಯ ಕಡಿಮೆಯಾದುದು ಈ ಸೀಮೆಯ ಆಹಾರ ಚರಿತ್ರೆಯಲ್ಲಿ ಗಂಭೀರವಾಗಿ ಪರಿಶೀಲಿಸಬೇಕಾದ ನಷ್ಟವಾಗಿದೆ.

ಮಣ್ಣಿನ ಮಾಳಿಗೆಯ ಜಾಗಕ್ಕೆ ಸಿಮೆಂಟಿನ ಸ್ಲ್ಯಾಬು ಬಂದು, ನಿವೇಶನದ ಉದ್ದಗಲಕ್ಕೂ ಮನೆ ಕಟ್ಟುವ ರೂಢಿ ಬೆಳೆದ ಮೇಲೆ ಹಿತ್ತಲು ಹೋಯಿತು. ಹಿಂದೆ ನಿಷಿದ್ಧವಾಗಿದ್ದ ಮೇಲ್ಛಾವಣಿಯೇ ಬಿಸಿಲು ಬೀಳುವ ಏಕೈಕ ಬಯಲಾಗಿ ಉಳಿಯಿತು. ಚಾವಣಿಯ ಮೇಲಿನ ಈ ಬೇಸಾಯಕ್ಕೆ ತಾರಸಿ ತೋಟವೆಂದು ಹೆಸರಾಗಿದೆ. ಕೃಷಿವಿಜ್ಞಾನಿ ಬಿ. ಎನ್. ವಿಶ್ವನಾಥರು ಬೆಂಗಳೂರಿನಲ್ಲಿ ಇದನ್ನು ಪ್ರಚುರಪಡಿಸಿದವರಲ್ಲಿ ಪ್ರಮುಖರು; ಅಲ್ಲಿ 2011ರಿಂದ ನಡೆದುಬಂದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳು ಅದಕ್ಕೆ ಜನಪ್ರಿಯತೆ ತಂದವು. ಆದರೆ ತಾರಸಿಯ ಮೊದಲ ಪ್ರಶ್ನೆ ಭಾರದ್ದು. ಜನ ಓಡಾಡುವ ಚಾವಣಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಹೊರೆಗೆ ಲೆಕ್ಕಹಾಕಿ ಕಟ್ಟುತ್ತಾರೆ. ಒಂದು ಅಡಿ ಆಳದ ನೆನೆದ ಮಣ್ಣಿನ ಮಡಿಯಾದರೋ ಅಷ್ಟೇ ಜಾಗದಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ತೂಗುತ್ತದೆ. ಆದ್ದರಿಂದಲೇ ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರಗಳ ಹಗುರ ಮಿಶ್ರಣವನ್ನು ಚೀಲ ಕುಂಡಗಳಲ್ಲಿ ತುಂಬಿ, ಅವನ್ನು ಗೋಡೆ ತೊಲೆಗಳ ನೆತ್ತಿಯ ಮೇಲೆ ಇಡುವುದು ಕ್ಷೇಮ. ಏಪ್ರಿಲ್, ಮೇ ತಿಂಗಳುಗಳ ಬಿಸಿಲಿಗೆ ಸ್ಲ್ಯಾಬು ಕಾದು ಬೇರು ಬೇಯುವುದರಿಂದ ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡುವುದೂ ಮೇಲೆ ನೆರಳುಬಲೆ ಕಟ್ಟುವುದೂ ಅನಿವಾರ್ಯ.

ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಈ ವಿದ್ಯೆಗೆ ಜಿಲ್ಲೆಯಲ್ಲಿಯೇ ಒಂದು ನೆಲೆ ದೊರೆಯಿತು. ಶಾಲೆಗಳಲ್ಲಿ ಬಿಸಿಯೂಟ ಬಂದ ಮೇಲೆ ಶಾಲಾ ಆವರಣದ ನುಗ್ಗೆ, ಕರಿಬೇವು, ಪಾಲಕಗಳು ಸಾಂಬಾರಿಗೆ ಬೀಳುವಂತಾಗಿ ಕೈತೋಟ ಮಕ್ಕಳ ಕೈಗೂ ಬಂದಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಊರು ಕಳೆದುಕೊಂಡ ಬೀಳಗಿ ಭಾಗದ ಸಂತ್ರಸ್ತರು ಪುನರ್ವಸತಿ ಕೇಂದ್ರಗಳ ನಿವೇಶನಗಳಲ್ಲಿ ಹಿತ್ತಲನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾಗಳು ಉಕ್ಕಿದಾಗ ನದಿಯಂಚಿನ ಊರುಗಳಲ್ಲಿ ಮನೆಗಳ ಜೊತೆ ಹಿತ್ತಲುಗಳೂ ನೀರಿನಲ್ಲಿ ಮುಳುಗಿದವು. ತಾರಸಿ ಏರಿದ ತೋಟಕ್ಕೂ ಬಚ್ಚಲಿಗೂ ಇದ್ದ ಹಳೆಯ ನಂಟು ಮಾತ್ರ ಕಡಿದಿದೆ: ಸಾಬೂನು ಬೆರೆತ ಬಚ್ಚಲ ನೀರು ಈಗ ಕೆಳಗಿನ ಗಟಾರಕ್ಕೆ ಸೇರುತ್ತದೆ, ಮೇಲಿನ ಕುಂಡಗಳಿಗೆ ಕುಡಿಯುವ ನಲ್ಲಿಯ ನೀರನ್ನೇ ಮೋಟರಿನಿಂದ ಏರಿಸಲಾಗುತ್ತದೆ.