ಒಂದು ಡಿಸ್ಕು, ಎರಡು ಸಂಸಾರ

1/6
ಅಟ್ಟ ಗುಡಿಸುವಾಗ ಸಿಕ್ಕಿದ್ದು ಇದು. 2007ರಲ್ಲಿ ಅಂಚೆಯಲ್ಲಿ ಬಿಟ್ಟಿಯಾಗಿ ಬಂದ ಉಬುಂಟು 7.04 ಸಿ.ಡಿ., ರಟ್ಟಿನ ಕವರ್ ಸಮೇತ. ಪಕ್ಕದಲ್ಲಿರೋ ಮೂರು ಸಿ.ಡಿ.ಗಳ ಮೇಲೆ ಅಪ್ಪನ ಕೈಬರಹ ಇದೆ: ‘ನೆನಪುಗಳು, ಪ್ರತಿ 1, 2, 3’.

ಸರಸ್ವತಿಪುರಂನ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, 80 ಜಿ.ಬಿ. ಡಿಸ್ಕು, ವಿಂಡೋಸ್ ಎಕ್ಸ್‌ಪಿ. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು, ಕಾಫಿ ಕುಡಿದು, ಹನ್ನೊಂದರ ತನಕ ಆತ್ಮಕಥೆ ಟೈಪ್ ಮಾಡೋರು. ನಂಗೋ ಲಿನಕ್ಸ್ ಹುಚ್ಚು.

‘ಅಪ್ಪ, ಕಂಪ್ಯೂಟರ್‌ನ ಪಾರ್ಟಿಷನ್ ಮಾಡ್ಬೇಕು’ ಅಂದೆ.

‘ನಾನಿನ್ನೂ ಬದುಕಿದೀನಲ್ಲಯ್ಯ, ಆಗಲೇ ಪಾಲು ಕೇಳ್ತೀಯಾ?’ ಅಂದ್ರು.

2/6
ಅಪ್ಪ ತಮಾಷೆಗೆ ಅಂದದ್ದು ನಿಜವೇ. ಪಾರ್ಟಿಷನ್ ಅಂದ್ರೆ ಪಾಲೇ.

1983ರ ಮಾರ್ಚಿನಲ್ಲಿ ಐಬಿಎಂ ಕಂಪನಿ ಪಿ.ಸಿ. ಎಕ್ಸ್‌ಟಿ ಅನ್ನೋ ಕಂಪ್ಯೂಟರ್ ತಂದಿತು. ಅದರಲ್ಲಿ 10 ಎಂ.ಬಿ. ಹಾರ್ಡ್ ಡಿಸ್ಕ್ ಇತ್ತು. ಜೊತೆಗೆ ಬಂದ ಡಾಸ್ 2.0ರಲ್ಲಿ ಡಿಸ್ಕನ್ನು ನಾಲ್ಕು ಪಾಲಿನವರೆಗೆ ಹಂಚಬಹುದಿತ್ತು. ಒಂದೊಂದು ಪಾಲಿನಲ್ಲಿ ಒಂದೊಂದು ಆಪರೇಟಿಂಗ್ ಸಿಸ್ಟಂ ಇರಲಿ ಅನ್ನೋದೇ ಅದರ ಉದ್ದೇಶ. ಅಂದ್ರೆ, ಒಂದು ಕಂಪ್ಯೂಟರಿನಲ್ಲಿ ಎರಡು ಸಿಸ್ಟಂ ಹಾಕೋದು ಆಮೇಲೆ ಯಾರೋ ಕಂಡುಹಿಡಿದ ಕಳ್ಳದಾರಿಯಲ್ಲ, ಪಿ.ಸಿ.ಗೆ ಹಾರ್ಡ್ ಡಿಸ್ಕ್ ಬಂದಾಗಲೇ ಅದಕ್ಕೆ ಜಾಗ ಬಿಟ್ಟಿದ್ದರು.

ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳಲ್ಲಿ ಈ ಪಾಲುಪತ್ರ ಇರುತ್ತೆ. ಒಂದು ಪಾಲಿಗೆ 16 ಬೈಟ್, ನಾಲ್ಕಕ್ಕೆ 64. ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ ಕೂಡ ಅಲ್ಲೇ, 446 ಬೈಟ್‌ನೊಳಗೆ. ಪಾಲು ನಾಲ್ಕಾದ್ರೂ ಬಾಗಿಲು ಒಂದೇ. ಮುಂದಿನ ಜಗಳಗಳೆಲ್ಲ ಆ ಬಾಗಿಲಿಗಾಗಿ.

3/6
ಲಿನಕ್ಸ್ ಹುಟ್ಟಿದ್ದೇ ಪಾಲಾದ ಡಿಸ್ಕಿನಲ್ಲಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿನಲ್ಲಿ ಮಿನಿಕ್ಸ್ ಅನ್ನೋ ಸಿಸ್ಟಂ ಇಟ್ಟುಕೊಂಡು, ಅದರ ಪಕ್ಕದಲ್ಲೇ ತನ್ನದನ್ನು ಬೆಳೆಸ್ತಾ ಇದ್ದ. ಒಂದಿನ ಮೋಡೆಮ್‌ಗೆ ಕಳಿಸಬೇಕಾದ ಆಜ್ಞೆಯನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೇ ಕಳಿಸಿಬಿಟ್ಟ. ಮಿನಿಕ್ಸ್ ಪಾಲು ಹಾಳಾಯ್ತು. ಅದನ್ನ ಮತ್ತೆ ಹಾಕೋ ಬದಲು ಲಿನಕ್ಸ್‌ನಲ್ಲೇ ಮುಂದುವರಿದ.

ಬಾಗಿಲು ಕಾಯೋಕೆ ಮೊದಲು ಲಿಲೋ ಬಂತು. ಅದು ಕರ್ನಲ್ ಡಿಸ್ಕಿನ ಯಾವ ಜಾಗದಲ್ಲಿದೆ ಅಂತ ಬರೆದಿಟ್ಟುಕೊಳ್ತಿತ್ತು. ಕರ್ನಲ್ ಬದಲಾಯಿಸಿ ಲಿಲೋಗೆ ಹೇಳೋದು ಮರೆತ್ರೆ, ಹೊಸ ಕರ್ನಲ್ ಏಳ್ತಾನೇ ಇರಲಿಲ್ಲ! 1995ರಲ್ಲಿ ಎರಿಕ್ ಬೊಲಿನ್ ಶುರು ಮಾಡಿದ ಗ್ರಬ್ ಫೈಲ್‌ಗಳನ್ನು ತಾನೇ ಹುಡುಕಿಕೊಳ್ಳುವಷ್ಟು ಜಾಣ.

ನಮ್ಮ ಕಡೆಗೆ ಲಿನಕ್ಸ್ ಬಂದದ್ದು ಹೆಚ್ಚಾಗಿ ಪತ್ರಿಕೆಗಳ ಜೊತೆಗಿನ ಸಿ.ಡಿ.ಯಲ್ಲಿ. 1996ರಲ್ಲಿ ಪಿಸಿ ಕ್ವೆಸ್ಟ್ ಹಂಚಿದ ಸಿ.ಡಿ. ಅದರಲ್ಲಿ ಮೊದಮೊದಲನೆಯದು, ಆ ಕೆಲಸದ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2004ರಲ್ಲಿ ಉಬುಂಟು ಬಂತು, ಕೇಳಿದವರ ಮನೆಗೇ ಸಿ.ಡಿ. ಕಳಿಸ್ತು.

4/6
ಹಾಗಿದ್ರೆ ವಿಂಡೋಸ್ ಬಿಟ್ಟು ಪೂರ್ತಿ ಲಿನಕ್ಸ್ ಹಾಕಬಹುದಿತ್ತಲ್ಲ? ಆಗ್ತಿರಲಿಲ್ಲ. ಕಾರಣ: ಕನ್ನಡ.

ಅಪ್ಪನ 400 ಪುಟ ಇದ್ದದ್ದು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ. ಆಗಿನ ನುಡಿ ಫಾಂಟುಗಳು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸ್ತಿದ್ದವು. ಫಾಂಟ್ ಇದ್ರೆ ಕನ್ನಡ, ಇಲ್ದಿದ್ರೆ ಅರ್ಥವಾಗದ ಕಲಸುಮೇಲೋಗರ. ಆ ಫಾಂಟನ್ನು ಲಿನಕ್ಸ್‌ಗೆ ಹಾಕಿದ್ರೆ ಓದೋಕೇನೋ ಬರ್ತಿತ್ತು. ಟೈಪ್ ಮಾಡೋಕೆ ನುಡಿ ತಂತ್ರಾಂಶವೇ ಬೇಕು, ಅದು ಓಡೋದು ವಿಂಡೋಸ್‌ನಲ್ಲಿ.

ತಮಾಷೆ ನೋಡಿ, ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇತ್ತು. ಆದ್ರೆ ವಿಂಡೋಸ್‌ಗೆ ಅದು ಬಂದದ್ದು ಎಕ್ಸ್‌ಪಿ ಜೊತೆ, 2001ರಲ್ಲಿ. ಅಷ್ಟರೊಳಗೆ ಡಿ.ಟಿ.ಪಿ. ಅಂಗಡಿ, ಕಚೇರಿ, ಪ್ರೆಸ್ಸು ಎಲ್ಲ ಹಳೇ ಫಾಂಟುಗಳಿಗೆ ಒಗ್ಗಿಹೋಗಿದ್ದವು. ನಮ್ಮನೆ ಡಿಸ್ಕು ಪಾಲಾದದ್ದು ನನ್ನ ಹುಚ್ಚಿನಿಂದ ಅನ್ಕೊಂಡಿದ್ದೆ. ಅಸಲಿಗೆ ಅಪ್ಪನ ಕನ್ನಡ ಒಂದು ಪಾಲಿನಲ್ಲೇ ಸಿಕ್ಕಿಕೊಂಡಿತ್ತು.

5/6
ಪಾಲು ಮಾಡುವ ಮುಂಚೆ ಮೂರು ಸಿ.ಡಿ. ಪ್ರತಿ ತೆಗೆದದ್ದು ಅಪ್ಪನ ಷರತ್ತು. ರಾತ್ರಿ ವಿಂಡೋಸ್ ಪಾಲನ್ನು ಕುಗ್ಗಿಸೋಕೆ ಕೊಟ್ಟೆ. ಅರ್ಧ ದಾರಿಯಲ್ಲಿ ಕರೆಂಟ್ ಹೋಯ್ತು. ಕುಗ್ಗಿಸುವಾಗ ಕಂಪ್ಯೂಟರ್ ಆಫ್ ಆದ್ರೆ ಫೈಲ್‌ಗಳು ಅರ್ಧ ಇಲ್ಲಿ ಅರ್ಧ ಅಲ್ಲಿ. ಯು.ಪಿ.ಎಸ್. ಕುಯ್ ಕುಯ್ ಅಂತಿದೆ, ಬ್ಯಾಟರಿ ಹಳೇದು. ಅಪ್ಪ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತ್ರು, ಒಂದು ಮಾತೂ ಆಡ್ಲಿಲ್ಲ. ಕೆಲಸ ಮುಗಿದ ಮೇಲೆ, ‘ಮೂರನೇ ಸಿ.ಡಿ. ಸರಿಯಾಗಿದೆ ತಾನೇ?’ ಅಂತಷ್ಟೇ ಕೇಳಿದ್ರು.

ನಡುವೆ ಒಂದು ಫ್ಯಾಟ್32 ಪಾಲು ಮಾಡಿದ್ವಿ, ಇಬ್ಬರಿಗೂ ನಡುಮನೆ ಇದ್ದ ಹಾಗೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾಲಿಗೆ ಲಿನಕ್ಸ್‌ನಿಂದ ಬರೆಯೋದನ್ನ ಆಗಿನ್ನೂ ನಂಬೋ ಹಾಗಿರಲಿಲ್ಲ.

ಆರು ತಿಂಗಳಿಗೆ ಪೆನ್‌ಡ್ರೈವ್‌ನಿಂದ ವೈರಸ್ ಬಂತು. ವಿಂಡೋಸ್ ಮತ್ತೆ ಹಾಕಿದೆ, ಲಿನಕ್ಸ್ ಮಾಯ! ಅಸಲಿಗೆ ಅದೆಲ್ಲೂ ಹೋಗಿರಲಿಲ್ಲ. ವಿಂಡೋಸ್ ಬಾಗಿಲಿಗೆ ತನ್ನ ಬೀಗ ಹಾಕಿತ್ತು, ಅಷ್ಟೇ. ಇದೇ ಉಬುಂಟು ಸಿ.ಡಿ. ಹಾಕಿ ಗ್ರಬ್‌ಗೆ ರೂಟ್, ಸೆಟಪ್ ಅಂತ ಎರಡು ಸಾಲು ಕೊಟ್ಟೆ, ವಾಪಸ್ ಬಂತು.

6/6
ನಮ್ಮನೆಯ ಪಾಲು ಒಂದಾದದ್ದು ಗ್ರಬ್‌ನಿಂದಲ್ಲ, ಯೂನಿಕೋಡ್‌ನಿಂದ. ನುಡಿ, ಬರಹಗಳೂ ಯೂನಿಕೋಡ್‌ಗೆ ಬಂದವು. ಗುಬ್ಬಿ, ನವಿಲು ಅನ್ನೋ ಮುಕ್ತ ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಹಳೇ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸೋ ಸಲಕರಣೆಯನ್ನೂ ಕೊಟ್ಟರು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆ ‘ಕಗಪ’ ಹೆಸರಲ್ಲಿ ಲಿನಕ್ಸ್‌ನೊಳಗೂ ಸೇರಿತು. ಈಗ ಹಿಂದಿ, ಮರಾಠಿ, ಸಂಸ್ಕೃತಕ್ಕೂ ಅದೇ ಹೆಸರಿನ ವಿನ್ಯಾಸ ಅಲ್ಲಿದೆ. ಒತ್ತಕ್ಷರಕ್ಕೆ ‘ಎಫ್’ ಕೀಲಿ ಒತ್ತೋ ಅಪ್ಪನ ಬೆರಳಿಗೆ ಹೊಸದೇನೂ ಕಲಿಯೋ ಹಾಗಿರಲಿಲ್ಲ.

ತಿರುಗಿಸಿದ 400 ಪುಟದಲ್ಲಿ ಅರ್ಕಾವತ್ತುಗಳು ಅಲ್ಲಲ್ಲಿ ಕೆಟ್ಟಿದ್ದವು. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ, ಯೂನಿಕೋಡ್‌ನಲ್ಲಿ ಮೊದಲು. ಅಪ್ಪ ಒಂದು ಇಡೀ ಮಳೆಗಾಲ ಕೂತು ತಿದ್ದಿದ್ರು. ಈಗ ಅದನ್ನ ನನ್ನ ಮಗಳು ಮೊಬೈಲಲ್ಲಿ ಓದ್ತಾಳೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗೀತು. ಹಳೇ ಕಂಪ್ಯೂಟರಿಗೆ ಲಿನಕ್ಸನ್ನೂ ಹಾಕೋಣ ಅಂತ ಎಷ್ಟೋ ಮನೆಗಳಲ್ಲಿ ಮಾತಾಗ್ತಿದೆ. ಹಾಕಿ. ಈಗಿನ ಯುಇಎಫ್‌ಐ ವ್ಯವಸ್ಥೆಯಲ್ಲಿ ಒಬ್ಬೊಬ್ಬರ ಬೀಗದಕೈಗೂ ಬೇರೆ ಗೂಡಿದೆ, ಜಗಳ ಕಮ್ಮಿ. ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದ್ರೆ ಗಾಬರಿ ಬೇಡ. ಲಿನಕ್ಸ್ ಅಲ್ಲಿ ಗ್ರೀನ್‌ವಿಚ್ ಸಮಯ ಬರೆದಿಟ್ಟಿರುತ್ತೆ. ಆದ್ರೆ ಮೊದಲು ಮನೆಯ ಹಿರಿಯರ ಫೋಲ್ಡರ್ ತೆಗೆದು ನೋಡಿ. ನುಡಿ ಕಾಲದ ಕಡತ ಇದ್ರೆ ಪ್ರತಿ ಮಾಡಿ, ಯೂನಿಕೋಡ್‌ಗೆ ತಿರುಗಿಸಿ. ತಿದ್ದೋಕೆ ಅವರು ಪಕ್ಕದಲ್ಲಿರುವಾಗಲೇ ಈ ಕೆಲಸ ಆಗ್ಬೇಕು.

ನಿಮ್ಮನೆಯಲ್ಲಿ ಅಂಥ ಕಡತ ಯಾವುದಿದೆ? ಕಾಮೆಂಟಲ್ಲಿ ಹೇಳಿ.

#ಸರಸ್ವತಿಪುರಂ #ಮೈಸೂರು #ಕನ್ನಡಗಣಕ #ಲಿನಕ್ಸ್ #ಅಟ್ಟದಇತಿಹಾಸ