ಸಿಡುಬಿನ ಅಜ್ಜಿಯ ತೋಫು

ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ 'ಮಾಪೋ ತೋಫು' ಎಂಬ ಪದಾರ್ಥವಿದೆ. ಕೊಚ್ಚಿದ ಮಾಂಸ, ಮೆತ್ತನೆಯ ತೋಫು, ಮೇಲೆ ಕೆಂಪಗೆ ತೇಲುವ ಖಾರದ ಎಣ್ಣೆ. 'ಮಾ' ಎಂದರೆ ಸಿಡುಬಿನ ಕಲೆ, 'ಪೋ' ಎಂದರೆ ವಯಸ್ಸಾದ ಹೆಂಗಸು. ಒಬ್ಬಾಕೆಯ ಕೈರುಚಿಯನ್ನು ನೂರೈವತ್ತು ವರ್ಷಗಳಿಂದ ಚಪ್ಪರಿಸುತ್ತಿರುವ ಲೋಕ ಆಕೆಯನ್ನು ನೆನಪಿಟ್ಟುಕೊಂಡಿರುವುದು ಮುಖದ ಕಲೆಯಿಂದ!

1862ರ ಸುಮಾರಿಗೆ ಚೆಂಗ್ಡು ನಗರದ ಉತ್ತರಕ್ಕೆ, ವಾನ್‌ಫು ಸೇತುವೆಯ ಬಳಿ, ಚೆನ್ ಮನೆತನದವರ ಒಂದು ಪುಟ್ಟ ಊಟದ ಅಂಗಡಿಯಿತ್ತು. ಒಲೆಯ ಮುಂದೆ ನಿಂತವಳು ಆ ಮನೆಯ ಸೊಸೆ. ಎಣ್ಣೆ ಹೊರುವ ಕೂಲಿಗಳು ಸೇತುವೆಯ ಹತ್ತಿರ ಹೊರೆ ಇಳಿಸಿ, ಪಕ್ಕದಲ್ಲೇ ತೋಫು, ಮಾಂಸ ಕೊಂಡು, ತಮ್ಮ ಹೊರೆಯಿಂದಲೇ ಒಂದಿಷ್ಟು ಎಣ್ಣೆ ಬಗ್ಗಿಸಿಕೊಟ್ಟು "ಮಾಡಿಕೊಡಮ್ಮ" ಎನ್ನುತ್ತಿದ್ದರಂತೆ. ಆ ಪದಾರ್ಥದಲ್ಲಿ ಎಣ್ಣೆ ಯಾಕಷ್ಟು ಧಾರಾಳ ಎಂಬುದಕ್ಕೆ ಇದೇ ಕಾರಣ ಎನ್ನುವವರಿದ್ದಾರೆ. ಬೇರೆಯವರ ಎಣ್ಣೆಯಲ್ಲವೆ! 1909ರಲ್ಲಿ ಅಚ್ಚಾದ ಚೆಂಗ್ಡು ನಗರದ ಪರಿಚಯ ಗ್ರಂಥವೊಂದರಲ್ಲಿ ಹೆಸರುವಾಸಿ ತಿನಿಸುಗಳ ಸಾಲಿಗೆ ಅವಳ ತೋಫು ಸೇರಿಬಿಟ್ಟಿತ್ತು. ಅಲ್ಲಿಯೂ 'ಚೆನ್ ಮಾಪೋ' ಎಂದೇ. ಚೆನ್ ಎಂಬುದು ಗಂಡನ ಮನೆಯದು, ಮಾ ಎಂಬುದು ರೋಗದ್ದು. ಅವಳ ಸ್ವಂತದ್ದು ಎನ್ನುವ ಹೆಸರು ತಟ್ಟೆಯವರೆಗೆ ಬರಲೇ ಇಲ್ಲ.

ನಾನು ಚಿಕ್ಕವಳಿದ್ದಾಗ ಅಜ್ಜಿಯ ವಾರಗೆಯವರಲ್ಲಿ ಅಂಥ ಮುಖಗಳನ್ನು ನೋಡಿದ್ದೇನೆ. ಎದುರಿಗೆ "ಅಜ್ಜಿ" ಎನ್ನುತ್ತಿದ್ದವರೇ ಬೆನ್ನ ಹಿಂದೆ "ಆ ಸಿಡುಬಿನ ಮುಖದವಳು" ಎನ್ನುತ್ತಿದ್ದರು. ನಮ್ಮ ದೇಶದಲ್ಲಿ ಸಿಡುಬು ಕೊನೆಯ ಸಲ ಕಾಣಿಸಿಕೊಂಡದ್ದು 1975ರಲ್ಲಿ. 1980ರಲ್ಲಿ ಲೋಕದಿಂದಲೇ ತೊಲಗಿತೆಂದು ಸಾರಿದರು. ಈಗಿನ ನನ್ನ ವಿದ್ಯಾರ್ಥಿನಿಯರಿಗೆ ಆ ಕುಳಿಗಳು ಹೇಗಿರುತ್ತಿದ್ದವೆಂದು ಬಾಯಲ್ಲಿ ವರ್ಣಿಸಬೇಕು.

ಖಾರದ ಕಥೆಯೂ ಸ್ವಾರಸ್ಯದ್ದೇ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಸಿಚುವಾನಿನ ಅಡುಗೆಮನೆಗೆ ಅದು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ಅಲ್ಲಿನವರ ನಾಲಿಗೆಯನ್ನು ಚುರುಗುಟ್ಟಿಸುತ್ತಿದ್ದುದು ಒಂದು ಕಾಡುಗಿಡದ ಕಾಯಿ, 'ಜ್ಯಾವ್'. ಹೊಸ ಕಾಯಿ ಬಂದಾಗ ಅದಕ್ಕೂ 'ಪರದೇಶದ ಜ್ಯಾವ್' ಎಂದು ಹೆಸರಿಟ್ಟರು. ನಾವು ಮಾಡಿದ್ದಾದರೂ ಇನ್ನೇನು? ಕರಿಮೆಣಸಿನ ಹೆಸರನ್ನೇ ಎರವಲು ಕೊಟ್ಟು 'ಮೆಣಸಿನಕಾಯಿ' ಎಂದೆವು. ಅಷ್ಟೇ ಅಲ್ಲ, ಆ ಹಳೆಯ ಜ್ಯಾವ್ ನಮ್ಮ ಕರಾವಳಿ, ಮಲೆನಾಡಿನ ಜುಮ್ಮನಕಾಯಿಯ ಹತ್ತಿರದ ನೆಂಟ. ಬಂಗುಡೆ ಸಾರಿಗೆ ಹಾಕುತ್ತಾರಲ್ಲ, ಅದೇ. ಕೊಂಕಣಿಗರ ತಿರ್ಫಳ. ಎರಡರಲ್ಲೂ ಬೀಜ ಬಿಸಾಡಿ ಸಿಪ್ಪೆ ಬಳಸುತ್ತಾರೆ, ಎರಡೂ ನಾಲಿಗೆಯನ್ನು ಜುಮ್ಮೆನಿಸುತ್ತವೆ. ಆ ಜುಮ್ಮೆನ್ನುವಿಕೆಗೆ ಚೀನೀ ಭಾಷೆಯಲ್ಲಿ ಏನೆನ್ನುತ್ತಾರೆ ಗೊತ್ತೆ? 'ಮಾ' ಎಂದೇ! ಕಲೆಗೂ ಜೋಮಿಗೂ ಅವರಲ್ಲಿ ಒಂದೇ ಅಕ್ಷರ.

ಹಾಗಾಗಿ ಮನೆಯಲ್ಲಿ ಮಾಡಿದಾಗ ನಾನು ಹುರಿದು ಪುಡಿ ಮಾಡಿದ ಜುಮ್ಮನಕಾಯಿಯನ್ನೇ ಉದುರಿಸುತ್ತೇನೆ. ವಾಸನೆ ತುಸು ಬೇರೆ, ಜೋಮು ಅದೇ. ಮೊದಲಿಗೆ ಅಲ್ಲಿ ಗೋಮಾಂಸ ಹಾಕುತ್ತಿದ್ದರು. ಮನೆಗಳಲ್ಲಿ ಹಂದಿ ಮಾಂಸವೂ ರೂಢಿಗೆ ಬಂತು. ಕೊಚ್ಚಿದ ಮಾಂಸವನ್ನು ನೀರು ಇಂಗಿ ಗರಿಯಾಗುವವರೆಗೆ ಹುರಿಯಬೇಕು. ಆಮೇಲೆ ದೊಡ್ಡ ಕಾಳು, ಕೆಂಪು ಮೆಣಸಿನಕಾಯಿ, ಉಪ್ಪು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದ ಗೊಜ್ಜು. ಅದು ಚೆಂಗ್ಡು ಪಕ್ಕದ ಪಿಶ್ಯೆನ್ ಊರಿನದು, ದೊಡ್ಡ ಊರುಗಳಲ್ಲಿ ಈಗ ಬಾಟಲಿಯಲ್ಲಿ ಸಿಗುತ್ತದೆ. ಅದನ್ನು ಎಣ್ಣೆ ಕೆಂಪಾಗುವ ತನಕ ಬಾಡಿಸಿ, ಶುಂಠಿ ಬೆಳ್ಳುಳ್ಳಿ ಹಾಕಿ ನೀರು ಬಿಡಬೇಕು. ತೋಫುವಿನ ತುಂಡುಗಳನ್ನು ಮೊದಲೇ ಉಪ್ಪಿನ ಬಿಸಿನೀರಿನಲ್ಲಿಟ್ಟರೆ ಒಡೆಯುವುದಿಲ್ಲ. ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ್ಳಬೇಕೇ ಹೊರತು ಕಲಕಬಾರದು. ಕೊನೆಗೆ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಎರಡು ಮೂರು ಸಲ ಸ್ವಲ್ಪಸ್ವಲ್ಪವೇ ಹಾಕಿದರೆ ಸಾರು ತೋಫುವಿಗೆ ಅಂಟಿಕೊಳ್ಳುತ್ತದೆ. ಅನ್ನ ಬಿಸಿಯಿರಲಿ.

ಈ ಪದಾರ್ಥವನ್ನು ಜಪಾನಿನ ಮನೆಮನೆಗೆ ಮುಟ್ಟಿಸಿದವನು ಸಿಚುವಾನಿನಿಂದ ವಲಸೆ ಹೋದ ಅಡುಗೆಯವ ಚೆನ್ ಕೆನ್ಮಿನ್. 1958ರಲ್ಲಿ ಟೋಕಿಯೋದಲ್ಲಿ ಹೋಟೆಲು ತೆರೆದ, ಟೆಲಿವಿಷನ್ನಿನಲ್ಲಿ ಗೃಹಿಣಿಯರಿಗೆ ಕಲಿಸಿದ. ಅಲ್ಲಿನವರಿಗೆ ತಡೆಯದೆಂದು ಖಾರ ತಗ್ಗಿಸಿದ. ಜಪಾನೀಯರ ಬಾಯಲ್ಲಿ ಮಾಪೋ 'ಮಾಬೋ' ಆಯಿತು. ಬದನೆಕಾಯಿಯನ್ನು ಇದೇ ರೀತಿ ಮಾಡಿದರೆ ಅವರು 'ಮಾಬೋ ನಾಸು' ಎನ್ನುತ್ತಾರೆ. ಚೆಂಗ್ಡುವಿನ ಆ ಹೆಂಗಸಿನ ಕಲೆ ಈಗ ಬದನೆಕಾಯಿಗೂ ಅಂಟಿದೆ.