ಮೈಗಳ್ಳ ಯಾರು?

ಕನ್ನಡದಲ್ಲಿ 'ಮೈಗಳ್ಳ' ಎನ್ನುತ್ತೇವೆ. ಉರ್ದುವಿನಲ್ಲಿ 'ಕಾಮ್‌ಚೋರ್'. ಒಂದರಲ್ಲಿ ಮನುಷ್ಯ ತನ್ನ ಮೈಯನ್ನು ಕದಿಯುತ್ತಾನೆ, ಇನ್ನೊಂದರಲ್ಲಿ ಕೆಲಸವನ್ನು. ಎರಡೂ ಭಾಷೆಗಳ ಶಾಲೆಯಲ್ಲಿ ಕೂತು ಕಲಿತವನು ನಾನು. ಆದರೆ ಈ ಎರಡು ಪದಗಳನ್ನು ಕಲಿತದ್ದು ಮಾತ್ರ ಮನೆಯಲ್ಲಿ. ಅಬ್ಬಾ ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಪಾಳಿಯ ನಡುವೆ ಎರಡು ಸಲ ಎದ್ದು ಅಂಗಳದ ನಲ್ಲಿಯ ಹತ್ತಿರ ಹೋಗಿ, ಮುಖಕ್ಕೆ ನೀರು ಹಾಕಿಕೊಂಡು, ಒಂದು ಬೀಡಿ ಸೇದಿ ಬರುವುದು ಅವರ ರೂಢಿ. ಮೇಸ್ತ್ರಿಗೆ ಅದು ಕಣ್ಣಿಗೆ ಬಿದ್ದಾಗಲೆಲ್ಲ ಆ ದಿನದ ಮನಸ್ಥಿತಿಗೆ ತಕ್ಕಂತೆ ಎರಡರಲ್ಲಿ ಒಂದು ಪದ ಬರುತ್ತಿತ್ತು. ಮನೆಗೆ ಬಂದು ಅಬ್ಬಾ ಅದನ್ನು ಹೇಳಿ ನಗುತ್ತಿದ್ದರು. ಅಮ್ಮಿ ನಗುತ್ತಿರಲಿಲ್ಲ.

ನನ್ನ ಮೈ ನನ್ನದೇ ಆಗಿದ್ದರೆ, ಅದನ್ನು ನಾನು ಕದಿಯುವುದು ಯಾರಿಂದ? ಈ ಪ್ರಶ್ನೆಯನ್ನು ಸರಕಾರವೊಂದು ತನ್ನದೇ ರೀತಿಯಲ್ಲಿ ಕೇಳಿಕೊಂಡ ಕಾಲವೊಂದಿತ್ತು.

ಮುಂಬೈಯಲ್ಲಿ ಕಾವಸ್ಜಿ ದಾವರ್ ಮೊದಲ ಹತ್ತಿ ಗಿರಣಿಗೆ ಕೈಹಾಕಿದ್ದು 1854ರಲ್ಲಿ. ಆ ಕಾಲದ ಗಿರಣಿಗೆ ಗಡಿಯಾರಕ್ಕಿಂತ ಸೂರ್ಯನೇ ಯಜಮಾನ. ಬೆಳಕು ಹರಿದಾಗ ಶುರು, ಕತ್ತಲಾದಾಗ ಮುಗಿತ. ಬೇಸಿಗೆಯಲ್ಲಿ ದಿನ ದೊಡ್ಡದಾದರೆ ದುಡಿಮೆಯೂ ದೊಡ್ಡದು. 1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂದಾಗ ಅದು ಮುಟ್ಟಿದ್ದು ಮಕ್ಕಳನ್ನು ಮಾತ್ರ. ಅದೂ ಏಳು ವರ್ಷ ತುಂಬಿದ ಮಗು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದು ಎಂಬಷ್ಟು ಉದಾರವಾಗಿ. ಇಷ್ಟಕ್ಕೂ ಲ್ಯಾಂಕಶೈರ್‌ನ ಬಟ್ಟೆ ವ್ಯಾಪಾರಿಗಳ ಒತ್ತಡ ಹಿಂದಿತ್ತು. ಅವರಿಗೆ ನಮ್ಮ ಮಕ್ಕಳ ಮೇಲಿನ ಮರುಕಕ್ಕಿಂತ ಮುಂಬೈ ಗಿರಣಿಗಳ ಪೈಪೋಟಿಯ ಚಿಂತೆ ಹೆಚ್ಚು. ಅದೇ ಕಾರಣ ಹೇಳಿ ಅಂದಿನ ರಾಷ್ಟ್ರೀಯವಾದಿ ಮುಖಂಡರಲ್ಲಿ ಬಹುಪಾಲು ಜನ ಈ ಕಾಯ್ದೆಯನ್ನೇ ವಿರೋಧಿಸಿದರು. ಸ್ವದೇಶಿ ಬಂಡವಾಳ ಮತ್ತು ಪರದೇಶಿ ಸ್ವಾರ್ಥದ ಈ ಜಗಳದಲ್ಲಿ ಮಗ್ಗದ ಮುಂದೆ ನಿಂತವನನ್ನು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಒಬ್ಬರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ. 1884ರಲ್ಲಿ ಅವರು ಕಾರ್ಮಿಕರ ಸಭೆ ಕರೆದು, ಸುಮಾರು 5,500 ಜನರ ಸಹಿಯ ಮನವಿ ಸಿದ್ಧಪಡಿಸಿದರು. ಬೇಡಿಕೆಗಳನ್ನು ಇಂದು ಓದಿದರೆ ಸಂಕೋಚವಾಗುತ್ತದೆ, ಅಷ್ಟು ಸಣ್ಣವು: ಭಾನುವಾರ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು, ಬೆಳಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ ಇರಲಿ. 'ಮಾತ್ರ' ಎಂಬ ಪದವನ್ನು ಗಮನಿಸಿ. ಆರು ವರ್ಷ ಬೆನ್ನು ಬಿಡದೆ ಹಿಡಿದ ಮೇಲೆ, 1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಜನ ಸೇರಿದ ಸಭೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಎದ್ದು ಮಾತಾಡಿದ ಮೇಲೆ, ಜೂನ್ 10ರಂದು ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ನಾವು ಇಂದು ಹಾಸಿಗೆಯಿಂದ ತಡವಾಗಿ ಏಳುವ ಭಾನುವಾರಕ್ಕೆ ಹೀಗೊಂದು ಹುಟ್ಟಿದ ದಿನವಿದೆ.

ಅಷ್ಟರಲ್ಲಿ ವಿದ್ಯುತ್ ದೀಪ ಬಂತು. ಸೂರ್ಯನ ಯಜಮಾನಿಕೆ ಮುಗಿಯಿತು. ವ್ಯಾಪಾರ ಜೋರಾಗಿದ್ದ 1905ರ ಹೊತ್ತಿಗೆ ಮುಂಬೈಯ ಅನೇಕ ಗಿರಣಿಗಳು ದಿನಕ್ಕೆ ಹದಿನಾಲ್ಕು ಗಂಟೆ, ಅದಕ್ಕೂ ಹೆಚ್ಚು ನಡೆಯುತ್ತಿದ್ದವು. ಗಲಾಟೆ ಎದ್ದಿತು. 1907-08ರಲ್ಲಿ ಸರಕಾರ ಕಾರ್ಖಾನೆ ಕಾರ್ಮಿಕ ಆಯೋಗವನ್ನು ಊರೂರಿಗೆ ಕಳಿಸಿತು.

ಆಯೋಗದ ಮುಂದೆ ಮಾಲೀಕರ ವಾದ ಸರಳವಾಗಿತ್ತು. ಹದಿನಾಲ್ಕು ಗಂಟೆ ಎನ್ನುವುದು ಹೆಸರಿಗೆ ಮಾತ್ರ. ಈ ದೇಶದ ಕೂಲಿಯಾಳು ಹುಟ್ಟು ಸೋಮಾರಿ. ಯಂತ್ರ ಬಿಟ್ಟು ಅಂಗಳಕ್ಕೆ ಹೋಗುತ್ತಾನೆ, ಬೀಡಿ ಸೇದುತ್ತಾನೆ, ಸ್ನಾನ ಮಾಡುತ್ತಾನೆ, ಊಟಕ್ಕೆ ಕೂರುತ್ತಾನೆ. ಅವನು ಹೊರಗಿದ್ದಾಗ ಯಂತ್ರ ನಿಲ್ಲದಿರಲೆಂದು ಹೆಚ್ಚುವರಿ ಆಳುಗಳನ್ನು ಇಟ್ಟುಕೊಳ್ಳಬೇಕಾಗಿದೆ. ಇಂಥವನಿಗೆ ಗಂಟೆಯ ಮಿತಿ ಯಾಕೆ?

ಅಂಗಳಕ್ಕೆ ಹೋಗುತ್ತಿದ್ದರೆಂಬುದು ನಿಜ. ಆದರೆ ಈ ಅಂಗಳದ ನಡಿಗೆಯನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಅರಳೆಯ ಧೂಳು, ಸೆಕೆ, ಕಿವಿ ಒಡೆಯುವ ಸದ್ದಿನ ನಡುವೆ ಹದಿನಾಲ್ಕು ಗಂಟೆ ಸತತವಾಗಿ ಯಾವ ಮನುಷ್ಯನೂ ದುಡಿಯಲಾರ. ಕಾನೂನು ಬಿಡುವು ಕೊಡದಿದ್ದಾಗ ಮೈಯೇ ಬಿಡುವು ತೆಗೆದುಕೊಳ್ಳುತ್ತದೆ. ಬರವಣಿಗೆ ಬಾರದ ಸಾವಿರಾರು ಜನ ಯಾರೂ ಹೇಳಿಕೊಡದೆ ಕಂಡುಕೊಂಡ ಉಪಾಯ ಅದು: ನಿಧಾನವಾಗಿ ಮಾಡು, ನಾಳೆಯೂ ಬರಬೇಕಲ್ಲ.

ಆಯೋಗದ ಬಹುಮತಕ್ಕೆ ಸುಸ್ತಿಯ ವಾಸನೆ ಸಿಕ್ಕಿತ್ತು, ಆದರೆ ವಯಸ್ಕ ಗಂಡಸಿನ ದುಡಿಮೆಗೆ ನೇರ ಮಿತಿ ಹಾಕಲು ಧೈರ್ಯ ಸಾಲಲಿಲ್ಲ. ಭಿನ್ನಮತದ ಟಿಪ್ಪಣಿ ಬರೆದವರು ಡಾ. ಟಿ. ಎಂ. ನಾಯರ್, ಮದ್ರಾಸಿನ ವೈದ್ಯರು. ಮುಂದೆ ಜಸ್ಟಿಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರೆಂದು ಅವರನ್ನು ನೆನೆಯುತ್ತೇವೆ. ನನಗೆ ಅವರು ಈ ಟಿಪ್ಪಣಿಗಾಗಿಯೇ ಹೆಚ್ಚು ಇಷ್ಟ. ಗಂಡಸಿನ ದುಡಿಮೆಗೂ ನೇರವಾಗಿ ಮಿತಿ ಬೇಕು ಎಂದು ಅವರು ಪಟ್ಟು ಹಿಡಿದರು. 1911ರ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ವಯಸ್ಕರಿಗೆ ಹನ್ನೆರಡು ಗಂಟೆಯ ಮಿತಿ ಹಾಕಿತು.

ಹುಟ್ಟು ಸೋಮಾರಿತನದ ಮಾತಿಗೆ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲೇ. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳು ರಜೆಯಿಲ್ಲದೆ ನಡೆದವು. ದೇಶಪ್ರೇಮಕ್ಕೆ ಕೊರತೆಯಿರಲಿಲ್ಲ, ಆದರೂ ಗುಂಡುಗಳ ಲೆಕ್ಕ ಕೂಡಿಬರಲಿಲ್ಲ. 1915ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಪರವಾಗಿ ಎಚ್. ಎಂ. ವರ್ನನ್ ಎಂಬ ಶರೀರಶಾಸ್ತ್ರಜ್ಞ ಕಾರ್ಖಾನೆಗಳಲ್ಲಿ ಕೂತು, ಯಾರು ಎಷ್ಟು ಗಂಟೆ ದುಡಿದರು, ಎಷ್ಟು ತುಣುಕು ಮಾಡಿದರು ಎಂದು ವಾರ ವಾರ ಬರೆದಿಟ್ಟ. ಗಂಟೆ ಕಡಿಮೆ ಮಾಡಿದಾಗ ಒಟ್ಟು ಕೆಲಸ ಕಡಿಮೆಯಾಗಲಿಲ್ಲ, ಹಲವು ಕಡೆ ಹೆಚ್ಚಾಯಿತು. ಅದೇ ಲೆಕ್ಕಗಳನ್ನು ಸುಮಾರು ನೂರು ವರ್ಷದ ನಂತರ, 2014ರಲ್ಲಿ, ಜಾನ್ ಪೆನ್ಕಾವೆಲ್ ಎಂಬ ಅರ್ಥಶಾಸ್ತ್ರಜ್ಞ ಮತ್ತೆ ಬಿಡಿಸಿ ನೋಡಿದರು. ವಾರಕ್ಕೆ 70 ಗಂಟೆ ದುಡಿದವರು ತಯಾರಿಸಿದ್ದಕ್ಕೂ 56 ಗಂಟೆ ದುಡಿದವರು ತಯಾರಿಸಿದ್ದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆ ಹದಿನಾಲ್ಕು ಗಂಟೆ ಎಲ್ಲಿ ಹೋಯಿತು?

ಆ ಸಮಿತಿಯ ಕಾಗದಗಳಲ್ಲಿ ಒಂದು ಪ್ರಸಂಗವಿದೆ, ಕತೆಗಾರನಾದ ನನಗೆ ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ. ಯುದ್ಧಭೂಮಿಯಲ್ಲಿ ಇಬ್ಬರು ಅಧಿಕಾರಿಗಳು ಪಂದ್ಯ ಕಟ್ಟಿದರು. ಇಬ್ಬರಿಗೂ ಅಷ್ಟೇ ಆಳುಗಳು, ಅಷ್ಟೇ ಉದ್ದದ ಕಂದಕ ತೋಡಬೇಕು. ಒಬ್ಬ ತನ್ನವರಿಗೆ ಆದಷ್ಟು ಜೋರಾಗಿ ತೋಡಿ ಎಂದ. ಇನ್ನೊಬ್ಬ ತನ್ನವರನ್ನು ಮೂರು ಗುಂಪು ಮಾಡಿ, ಪ್ರತಿ ಗುಂಪೂ ಐದು ನಿಮಿಷ ತೋಡಬೇಕು, ಹತ್ತು ನಿಮಿಷ ಸುಮ್ಮನೆ ಕೂರಬೇಕು ಎಂದ. ಯಾವ ಕ್ಷಣ ನೋಡಿದರೂ ಅವನ ಮೂರರಲ್ಲಿ ಎರಡು ಪಾಲು ಜನ ಕೂತೇ ಇರುತ್ತಿದ್ದರು. ಗೆದ್ದವನು ಅವನೇ, ಅದೂ ಸುಲಭವಾಗಿ. ಅಬ್ಬಾನ ಮೇಸ್ತ್ರಿ ಅಲ್ಲಿದ್ದಿದ್ದರೆ ಆ ಅಧಿಕಾರಿಯನ್ನು ಏನೆಂದು ಕರೆಯುತ್ತಿದ್ದನೋ.

ನಮ್ಮಲ್ಲಿ ಗಂಟೆಗಳು ಒಂದೊಂದಾಗಿ ಕಳಚಿದವು. 1922ರಲ್ಲಿ ವಾರಕ್ಕೆ 60, 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 54. ವೈಸರಾಯ್ ಮಂಡಳಿಯಲ್ಲಿ ಡಾ. ಅಂಬೇಡ್ಕರ್ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ, 1946ರಲ್ಲಿ, ಅದು 48ಕ್ಕೆ ಇಳಿಯಿತು. 1948ರ ಕಾರ್ಖಾನೆ ಕಾಯ್ದೆಯಲ್ಲೂ 48 ಉಳಿಯಿತು. ಜೊತೆಗೆ ಐದು ಗಂಟೆ ದುಡಿದವನಿಗೆ ಅರ್ಧ ಗಂಟೆ ಬಿಡುವು. ಲೋಖಂಡೆ ಕೇಳಿದ್ದ ಅದೇ ಅರ್ಧ ಗಂಟೆ.

ಕಳಚಿದ ಗಂಟೆಗಳು ಮತ್ತೆ ಬಾಗಿಲು ತಟ್ಟುತ್ತಿವೆ. 2023ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಸನಸಭೆ, ವಾರದ 48 ಗಂಟೆಯನ್ನು ಹಾಗೇ ಇಟ್ಟು, ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಟ್ಟಿತು. 2024ರ ಜುಲೈಯಲ್ಲಿ ಐ.ಟಿ. ಕಂಪನಿಗಳಲ್ಲಿ ದಿನಕ್ಕೆ 14 ಗಂಟೆಯ ಪ್ರಸ್ತಾಪ ಚರ್ಚೆಗೆ ಬಂದು, ನೌಕರರ ಸಂಘ ಸಿಡಿದೆದ್ದಿತು. ಇವೆರಡರ ನಡುವೆ, 2023ರ ಅಕ್ಟೋಬರ್‌ನಲ್ಲಿ, ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ್ದರು.

ಆ ಸುದ್ದಿ ಟಿ.ವಿ.ಯಲ್ಲಿ ಬರುವಾಗ ಅಬ್ಬಾ ಪಕ್ಕದಲ್ಲಿದ್ದರು. ಮಗ್ಗದ ಸದ್ದು ಅವರ ಕಿವಿಯನ್ನು ಎಂದೋ ತಿಂದು ಹಾಕಿದೆ. ಏನಂತೆ ಎಂದು ಕೈಸನ್ನೆ ಮಾಡಿದರು. ನಾನು ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ. ಎಪ್ಪತ್ತನ್ನು ಆರಕ್ಕೆ ಹಂಚಲು ಬೆರಳು ಮಡಚತೊಡಗಿದರು, ನಡುವೆ ಲೆಕ್ಕ ತಪ್ಪಿತು, ಬಿಟ್ಟುಬಿಟ್ಟರು. ಆಮೇಲೆ ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು:

"ಖಾನೇಕು ಕಿತ್ತಾ ವಖತ್ ದೇತೈಂ?"

ಊಟಕ್ಕೆ ಎಷ್ಟು ಹೊತ್ತು ಕೊಡ್ತಾರೆ, ಎಂದು.